ಇಳಿಜಾರಿನ ಸವಾರ

ಕುದುರೆ ಸವಾರರ ಚಿತ್ರ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಕೌಬಾಯ್ ಸಿನಿಮಾ. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಬಿರುಬಿಸಿಲಿನ ಬೀದಿಯಲ್ಲಿ ಎದುರುಬದುರಾಗಿ ನಿಂತ ಇಬ್ಬರು ಗಂಡಸರು, ಯಾರ ಕೈ ಮೊದಲು ಮೇಲೇಳುತ್ತದೋ ಎಂದು ಉಸಿರು ಬಿಗಿಹಿಡಿದು ಕೂತ ಪ್ರೇಕ್ಷಕರು. ನಾನು ಇವತ್ತು ಹೇಳಲಿರುವ ಚಿತ್ರದಲ್ಲೂ ಟೋಪಿಗಳಿವೆ, ಕುದುರೆಗಳಿವೆ, ಕಣ್ಣು ಹರಿದಷ್ಟು ದೂರ ಬೆಟ್ಟಸಾಲುಗಳಿವೆ. ಆದರೆ ಕಥೆ ತುತ್ತತುದಿಗೆ ಬಂದು ನಿಂತಾಗ ಅಲ್ಲಿ ಯಾರೂ ಬಂದೂಕಿಗೆ ಕೈ ಹಾಕುವುದಿಲ್ಲ. ಒಬ್ಬ ಹುಡುಗ, ಒಂದು ಕುದುರೆ, ಒಂದು ಇಳಿಜಾರು, ಅಷ್ಟೆ. ಚಿತ್ರದ ಹೆಸರು ‘ದಿ ಮ್ಯಾನ್ ಫ್ರಮ್ ಸ್ನೋಯಿ ರಿವರ್’. 1982ರಲ್ಲಿ ತೆರೆಕಂಡ ಆಸ್ಟ್ರೇಲಿಯಾದ ಚಿತ್ರ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದಾದ ಕುದುರೆ ಸವಾರರ ಚಿತ್ರ ಯಾವುದು ಎಂದು ಯಾರು ಕೇಳಿದರೂ ನನ್ನ ಬಾಯಿಗೆ ಮೊದಲು ಬರುವ ಹೆಸರು ಇದೇ.

ಈ ಚಿತ್ರದ ಹಿಂದೆ ಒಂದು ಪದ್ಯವಿದೆ. 1890ರ ಏಪ್ರಿಲ್ 26ರಂದು ಸಿಡ್ನಿಯ ‘ಬುಲೆಟಿನ್’ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು. ಬರೆದವರು ಆ್ಯಂಡ್ರೂ ಬಾರ್ಟನ್ ಪ್ಯಾಟರ್ಸನ್. ಆಗ ಅವರಿಗೆ 26 ವರ್ಷ, ಸಿಡ್ನಿಯಲ್ಲಿ ವಕೀಲಿ ವೃತ್ತಿ. ಬೆಳೆದದ್ದು ಮಾತ್ರ ಯಾಸ್ ಎಂಬ ಊರಿನ ಬಳಿಯ ಜಾನುವಾರು ಎಸ್ಟೇಟಿನಲ್ಲಿ, ದನ ಹೊಡೆದುಕೊಂಡು ಹೋಗುವವರು, ಎತ್ತಿನ ಬಂಡಿಗಳು, ಸವಾರರು ದಿನವೂ ಹಾದುಹೋಗುವ ಹೆದ್ದಾರಿಯ ಪಕ್ಕದಲ್ಲಿ. ಪತ್ರಿಕೆಯಲ್ಲಿ ಅವರು ಬಳಸುತ್ತಿದ್ದ ‘ಬ್ಯಾಂಜೊ’ ಎಂಬ ಕಾವ್ಯನಾಮವೂ ಮನೆಯ ಒಂದು ಕುದುರೆಯ ಹೆಸರೇ. ನಗರದ ಕಚೇರಿಯಲ್ಲಿ ಕೂತು ಬಾಲ್ಯದ ಬೆಟ್ಟಬಯಲುಗಳನ್ನು ನೆನೆದು ಬರೆದ ಆ ಪದ್ಯವನ್ನು ಜನ ಬಾಯಿಪಾಠ ಮಾಡಿಕೊಂಡರು. 1895ರಲ್ಲಿ ಅದೇ ಹೆಸರಿನ ಸಂಕಲನ ಬಂದಾಗ ಕೆಲವೇ ತಿಂಗಳಲ್ಲಿ 7,000 ಪ್ರತಿ ಖರ್ಚಾದವು. ಆಗಿನ ಆಸ್ಟ್ರೇಲಿಯಾದ ಜನಸಂಖ್ಯೆಗೆ ಅದು ಬೆರಗು ಹುಟ್ಟಿಸುವ ಸಂಖ್ಯೆ. ಇವತ್ತಿಗೂ ಆ ದೇಶದ ಹತ್ತು ಡಾಲರ್ ನೋಟಿನ ಮೇಲೆ ಪ್ಯಾಟರ್ಸನ್ ಅವರ ಮುಖವಿದೆ.

ಪದ್ಯದ ಕಥೆ ಚಿಕ್ಕದು. ಸಾವಿರ ಪೌಂಡ್ ಬೆಲೆಯ ಎಳೆಗುದುರೆಯೊಂದು ತಪ್ಪಿಸಿಕೊಂಡು ಕಾಡುಗುದುರೆಗಳ ಹಿಂಡು ಸೇರಿಬಿಟ್ಟಿದೆ. ಅದನ್ನು ಹಿಡಿಯಲು ಸುತ್ತಲಿನ ಹೆಸರಾಂತ ಸವಾರರೆಲ್ಲ ಕೂಡಿದ್ದಾರೆ. ಅವರ ನಡುವೆ ಸಣಕಲು ಕುದುರೆಯ ಮೇಲೆ ಕೂತ ಒಬ್ಬ ತರುಣ. ನಿನ್ನ ಕುದುರೆಯಿಂದ ಇದು ಆಗದು, ಇಲ್ಲೇ ಇರು ಎನ್ನುತ್ತಾನೆ ಎಸ್ಟೇಟಿನ ಧಣಿ ಹ್ಯಾರಿಸನ್. ಕ್ಲಾನ್ಸಿ ಎಂಬ ಹಿರಿಯ ಸವಾರ ಹುಡುಗನ ಪರ ನಿಲ್ಲುತ್ತಾನೆ. ಇವನು ಬೆಟ್ಟದಲ್ಲಿ ಬೆಳೆದವನು, ಇವನ ಕುದುರೆಯೂ ಬೆಟ್ಟದ್ದೇ ಎಂಬುದು ಅವನ ವಾದ. ಹಿಂಡು ಕಡಿದಾದ ಕಮರಿಗೆ ಇಳಿದಾಗ ಎಲ್ಲರೂ ಅಂಚಿನಲ್ಲಿ ಲಗಾಮು ಜಗ್ಗಿ ನಿಲ್ಲುತ್ತಾರೆ. ಹುಡುಗ ನಿಲ್ಲುವುದಿಲ್ಲ. ಒಬ್ಬನೇ ಇಳಿದು, ಒಬ್ಬನೇ ಅಟ್ಟಿ, ಒಬ್ಬನೇ ಹಿಂಡನ್ನು ತಿರುಗಿಸಿ ತರುತ್ತಾನೆ. ಇಡೀ ಪದ್ಯದಲ್ಲಿ ಆ ಹುಡುಗನಿಗೆ ಹೆಸರೇ ಇಲ್ಲ. ತಂದೆತಾಯಿಯ ಮಾತಿಲ್ಲ, ಪ್ರೇಮದ ಸುಳಿವಿಲ್ಲ. ಇಷ್ಟನ್ನೇ ಇಟ್ಟುಕೊಂಡು ಪೂರ್ಣಪ್ರಮಾಣದ ಚಿತ್ರ ಕಟ್ಟಬೇಕಾಗಿತ್ತು. 1920ರಲ್ಲೇ ಒಂದು ಮೂಕಿಚಿತ್ರ ಬಂದಿತ್ತು. ಜನರ ನೆನಪಿನಲ್ಲಿ ಉಳಿದದ್ದು 1982ರ ಚಿತ್ರ.

ನಿರ್ದೇಶಕರು ಜಾರ್ಜ್ ಮಿಲ್ಲರ್. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ: ‘ಮ್ಯಾಡ್ ಮ್ಯಾಕ್ಸ್’ ಚಿತ್ರಗಳ ಜಾರ್ಜ್ ಮಿಲ್ಲರ್ ಬೇರೆ, ಇವರು ಬೇರೆ. ನಿರ್ಮಾಪಕರು ಜೆಫ್ ಬರೋಸ್. ಚಿತ್ರಕಥೆ ಜಾನ್ ಡಿಕ್ಸನ್ ಮತ್ತು ಕಲ್ ಕಲನ್ ಅವರದು. ಇವರು ಹೆಸರಿಲ್ಲದ ಹುಡುಗನಿಗೆ ಜಿಮ್ ಕ್ರೇಗ್ ಎಂದು ಹೆಸರಿಟ್ಟರು, ಬೆಟ್ಟದ ಮೇಲೆ ಒಂದು ಮರದ ಮನೆ ಕೊಟ್ಟರು, ಒಬ್ಬ ತಂದೆಯನ್ನು ಕೊಟ್ಟರು. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಆ ತಂದೆಯನ್ನು ಕಿತ್ತುಕೊಂಡರು. ಕಾಡುಗುದುರೆಗಳ ಹಿಂಡು ಮನೆಯ ಹೆಣ್ಣುಕುದುರೆಯನ್ನು ಸೆಳೆದುಕೊಂಡು ಹೋಗುವ ಗದ್ದಲದಲ್ಲಿ ತಂದೆ ಸಾಯುತ್ತಾನೆ. ಅಲ್ಲಿಗೆ ಬೆಟ್ಟದ ಹಿರಿಯರು ಬರುತ್ತಾರೆ. ಅನಾಥ ಹುಡುಗನಿಗೆ ಅವರು ಹೇಳುವ ಮಾತು ಕಠಿಣವಾದದ್ದು: ಅಪ್ಪ ಇಲ್ಲಿದ್ದ ಮಾತ್ರಕ್ಕೆ ನೀನು ಇಲ್ಲಿರುವಂತಿಲ್ಲ, ಬೆಟ್ಟದಲ್ಲಿ ಬಾಳುವ ಹಕ್ಕನ್ನು ದುಡಿದು ಸಂಪಾದಿಸಬೇಕು.

ನನ್ನ ಮಟ್ಟಿಗೆ ಚಿತ್ರದ ಬೇರು ಇರುವುದು ಈ ಮಾತಿನಲ್ಲಿ. ಬಯಲಿಗಿಳಿದು ಹ್ಯಾರಿಸನ್ನನ ಎಸ್ಟೇಟಿನಲ್ಲಿ ಕೂಲಿಗೆ ಸೇರಿದ ಜಿಮ್ ಮಾಡುವುದೆಲ್ಲ ಕೆಲಸವೇ. ಲಾಯ ಬಳಿಯುವುದು, ಬೇಲಿ ಕಟ್ಟುವುದು, ತಪ್ಪಿಸಿಕೊಂಡ ದನಗಳನ್ನು ಹುಡುಕಿ ತರುವುದು. ದನಗಳನ್ನು ಒಟ್ಟುಗೂಡಿಸುವ ದೊಡ್ಡ ಕೆಲಸಕ್ಕೆ ಎಲ್ಲರೂ ಹೊರಟಾಗ ಇವನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಆಳುಗಳಲ್ಲಿ ಇಬ್ಬರು ಇವನನ್ನು ಕೆಣಕುತ್ತಲೇ ಇರುತ್ತಾರೆ. ವೀರನಾಗಬೇಕಾದವನು ಮೊದಲು ಚಾಕರಿ ಕಲಿಯುತ್ತಾನೆ. ಮಕ್ಕಳಿಗೆ ತೋರಿಸುವ ಚಿತ್ರಗಳಲ್ಲಿ ಇದು ಅಪರೂಪ. ನಾಯಕನಿಗೆ ಹುಟ್ಟಿನಿಂದಲೇ ಶಕ್ತಿ ಇರುತ್ತದೆ, ಅಥವಾ ಯಾವುದೋ ಮಾಯೆಯಿಂದ ಅದು ದಕ್ಕುತ್ತದೆ ಎನ್ನುವ ಕಥೆಗಳನ್ನು ನೋಡಿ ಬೆಳೆಯುತ್ತಿರುವ ಮಕ್ಕಳು, ದಿನದಿನದ ದುಡಿಮೆ ಹೇಗೆ ಧೈರ್ಯವಾಗಿ ಮಾಗುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಾಣುತ್ತಾರೆ.

ಎಸ್ಟೇಟಿನ ಧಣಿ ಹ್ಯಾರಿಸನ್ನನಾಗಿ ನಟಿಸಿದವರು ಹಾಲಿವುಡ್‌ನ ಕರ್ಕ್ ಡಗ್ಲಸ್. ಬೆಟ್ಟದ ಗಣಿಯಲ್ಲಿ ಒಂಟಿಯಾಗಿ ಚಿನ್ನ ಅಗೆಯುವ ಮರದ ಕಾಲಿನ ಮುದುಕ ಸ್ಪರ್ ಕೂಡ ಅವರೇ. ಇಬ್ಬರೂ ಅಣ್ಣತಮ್ಮಂದಿರು, ಇಬ್ಬರ ನಡುವೆ ಹಳೆಯ ದ್ವೇಷ. ಮಟಿಲ್ಡಾ ಎಂಬ ಒಬ್ಬಳೇ ಹೆಣ್ಣನ್ನು ಇಬ್ಬರೂ ಪ್ರೀತಿಸಿದ್ದು, ಒಬ್ಬ ಜೂಜಿನ ಕುದುರೆಯಿಂದ ಒಂದೇ ದಿನದಲ್ಲಿ ಸಿರಿವಂತನಾಗಿ ಅವಳನ್ನು ಮದುವೆಯಾದದ್ದು, ಸಂಶಯದ ಸಿಟ್ಟಿನಲ್ಲಿ ಒಡಹುಟ್ಟಿದವನ ಕಾಲಿಗೇ ಗುಂಡು ಹಾರಿಸಿದ್ದು, ಈ ಹಿನ್ನೆಲೆಯೆಲ್ಲ ಮೆಲ್ಲಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಚಿತ್ರದಲ್ಲಿ ಬಂದೂಕು ಮಾಡಿದ ದೊಡ್ಡ ಕೆಲಸ ಅದೊಂದೇ, ಅದರಿಂದ ಎರಡು ಬಾಳು ಕೆಟ್ಟವು. ಸ್ಪರ್‌ನ ಪಾತ್ರದಲ್ಲಿ ಡಗ್ಲಸ್ ಸ್ವಲ್ಪ ಅತಿ ಮಾಡಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ಹ್ಯಾರಿಸನ್ನನಾಗಿ ಅವರು ಹೆಚ್ಚು ಬಿಗಿ, ಹೆಚ್ಚು ನಿಜ. ಮಗಳಿಗೆ ಹೊಡೆದ ಮರುಕ್ಷಣ ಅವರ ಮುಖ ಬದಲಾಗುವುದನ್ನು ಗಮನಿಸಿ.

ಆ ಮಗಳು ಜೆಸಿಕಾ. ನಟಿ ಸಿಗ್ರಿಡ್ ಥಾರ್ನ್‌ಟನ್. ಅಪ್ಪನಿಗೆ ಅವಳನ್ನು ಹೆಣ್ಣುಮಕ್ಕಳ ಕಾಲೇಜಿಗೆ ಅಟ್ಟುವ ಹಟ, ಅವಳಿಗೆ ಎಸ್ಟೇಟಿನ ಕೆಲಸದಲ್ಲೇ ಆಸೆ. ಸಾವಿರ ಪೌಂಡಿನ ಆ ಎಳೆಗುದುರೆಯನ್ನು ಧಣಿಯ ಕಣ್ಣು ತಪ್ಪಿಸಿ ಜಿಮ್ ಮತ್ತು ಜೆಸಿಕಾ ಇಬ್ಬರೂ ಪಳಗಿಸುವ ಭಾಗವೊಂದಿದೆ. ಬೆದರಿದ ಪ್ರಾಣಿಯ ಹತ್ತಿರ ಹೆಜ್ಜೆಹೆಜ್ಜೆಯಾಗಿ ಹೋಗುವುದು, ಕೈಯ ವಾಸನೆ ಹಿಡಿಯಲು ಬಿಡುವುದು, ಜೀನು ಹಾಕುವ ಮೊದಲು ಬೆನ್ನು ಸವರುವುದು. ಮಾತು ಬಹಳ ಕಡಿಮೆ, ಹಿಂದೆ ಬ್ರೂಸ್ ರೋಲೆಂಡ್ ಅವರ ಪಿಯಾನೊ. ಪ್ರೀತಿ ಮೂಡುವುದನ್ನು ತೋರಿಸಲು ನಿರ್ದೇಶಕರು ಹಾಡು, ನೃತ್ಯ, ದೊಡ್ಡ ಮಾತು ಯಾವುದನ್ನೂ ಆಶ್ರಯಿಸಿಲ್ಲ. ಇಬ್ಬರೂ ಸೇರಿ ಒಂದು ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾರೆ, ಅಷ್ಟರಲ್ಲೇ ನಮಗೆ ಎಲ್ಲ ತಿಳಿಯುತ್ತದೆ.

ಇನ್ನು ಆ ಇಳಿಜಾರು. ಆಳೊಬ್ಬ ಜಿಮ್ ಮೇಲಿನ ಹಗೆಯಿಂದ ಎಳೆಗುದುರೆಯನ್ನು ಬಿಚ್ಚಿ ಬಿಡುತ್ತಾನೆ, ಕಳ್ಳತನದ ಆರೋಪ ಜಿಮ್ ಮೇಲೆ ಬರುತ್ತದೆ. ಊರೂರಿನ ಸವಾರರು ಸೇರುತ್ತಾರೆ. ಬೆನ್ನಟ್ಟುವಿಕೆ ಶುರುವಾಗುತ್ತದೆ. ಛಾಯಾಗ್ರಾಹಕ ಕೀತ್ ವಾಗ್‌ಸ್ಟಾಫ್ ಆವರೆಗೆ ನಮಗೆ ಬೆಟ್ಟಸಾಲುಗಳನ್ನು ದೂರದಿಂದ, ನೀಲಿಯಾಗಿ, ಸುಂದರವಾಗಿ ತೋರಿಸಿರುತ್ತಾರೆ. ಈಗ ಅದೇ ಬೆಟ್ಟ ಕಾಲಡಿಗೆ ಬರುತ್ತದೆ. ಬಿದ್ದ ಮರಗಳು, ಪೊದೆ, ಸಡಿಲ ಕಲ್ಲು. ಒಬ್ಬೊಬ್ಬರಾಗಿ ಸವಾರರು ಉರುಳುತ್ತಾರೆ, ಉಳಿದವರು ಕಮರಿಯ ಅಂಚಿಗೆ ಬಂದು ತಡೆದು ನಿಲ್ಲುತ್ತಾರೆ. ಅವರ ಮಧ್ಯದಿಂದ ಜಿಮ್‌ನ ಕುದುರೆ ಒಂದೇ ನೆಗೆತಕ್ಕೆ ಅಂಚು ದಾಟಿ ಕೆಳಗೆ ಹೋಗಿಬಿಡುತ್ತದೆ. ಸಂಗೀತ ನಿಧಾನವಾಗುತ್ತದೆ, ಓಟವೂ ನಿಧಾನವಾಗುತ್ತದೆ. ಹುಡುಗ ಕುದುರೆಯ ಬೆನ್ನ ಮೇಲೆ ಹಿಂದಕ್ಕೆ ಒರಗಿ ಬಹುತೇಕ ಮಲಗಿದಂತೆ ಕಾಣುತ್ತಾನೆ, ಚಾವಟಿ ಹಿಡಿದ ಕೈ ಮೇಲಕ್ಕೆ ಎತ್ತಿದೆ.

ಕುದುರೆಯನ್ನು ಬಲ್ಲವರಿಗೆ ಆ ಭಂಗಿಯ ಅರ್ಥ ತಿಳಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಸವಾರ ಮುಂದಕ್ಕೆ ಬಾಗಿದರೆ ಅವನ ಭಾರವೆಲ್ಲ ಕುದುರೆಯ ಮುಂಗಾಲಿಗೆ ಬೀಳುತ್ತದೆ, ಕುದುರೆ ಮುಗ್ಗರಿಸುತ್ತದೆ. ಹಿಂದಕ್ಕೆ ಒರಗಿದರೆ ಕುದುರೆ ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದುಕೊಂಡು, ಕೂತಂತೆ ಮಾಡಿ, ಜಾರುತ್ತ ಇಳಿಯಬಲ್ಲದು. ಎಲ್ಲಕ್ಕಿಂತ ಮುಖ್ಯ, ಲಗಾಮು ಸಡಿಲ ಬಿಡಬೇಕು. ತಲೆಯನ್ನು ಬೇಕಾದಂತೆ ಆಡಿಸಲು ಬಿಟ್ಟರೆ ಮಾತ್ರ ಕುದುರೆ ತನ್ನ ತೂಕ ತಾನು ಸರಿತೂಗಿಸಿಕೊಂಡು, ಎಲ್ಲಿ ಗೊರಸು ಊರಬೇಕೆಂದು ತಾನೇ ಆರಿಸಿಕೊಳ್ಳುತ್ತದೆ. ಅಪಾಯ ಹೆಚ್ಚಿದಷ್ಟೂ ಕಡಿವಾಣ ಬಿಗಿಹಿಡಿಯಬೇಕು ಎನ್ನುತ್ತದೆ ನಮ್ಮ ಮನಸ್ಸು. ಇಲ್ಲಿ ಬದುಕುವುದು ಕೈ ಸಡಿಲಿಸಿದವನು. ಹಿಂಡನ್ನು ತಿರುಗಿಸುವುದೂ ಹೊಡೆತದಿಂದಲ್ಲ. ಆ ಉದ್ದನೆಯ ಚಾವಟಿಯ ತುದಿ ಶಬ್ದದ ವೇಗವನ್ನೂ ಮೀರಿ ಚಿಮ್ಮುತ್ತದೆ, ಆಗ ಹುಟ್ಟುವ ಸಿಡಿಲಿನಂಥ ಸದ್ದಿಗೆ ಪ್ರಾಣಿಗಳು ದಿಕ್ಕು ಬದಲಿಸುತ್ತವೆ.

ಜಿಮ್ ಪಾತ್ರದ ಟಾಮ್ ಬರ್ಲಿನ್ಸನ್‌ಗೆ ಆಯ್ಕೆಯಾದಾಗ ಸವಾರಿಯ ಅನುಭವ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರಕ್ಕಾಗಿಯೇ ಕಲಿತರು. ಕಲಿಸಿದವರು ಆ ಬೆಟ್ಟದವರೇ. ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ಇರುವ ಮ್ಯಾನ್ಸ್‌ಫೀಲ್ಡ್, ಮೆರಿಜಿಗ್ ಸುತ್ತಮುತ್ತ ಚಿತ್ರೀಕರಣ ನಡೆಯಿತು. ಅಲ್ಲಿನ ಲೊವಿಕ್ ಮನೆತನದ ಚಾರ್ಲಿ ಲೊವಿಕ್ ಕುದುರೆಗಳ ಹೊಣೆ ಹೊತ್ತರು. ಜಿಮ್ ಏರುವ ಕುದುರೆ ಡೆನ್ನಿ ಅವರದೇ. ಇಳಿಜಾರಿನ ಸವಾರಿಯನ್ನು ಬರ್ಲಿನ್ಸನ್ ತಾವೇ ಮಾಡಿದರು. ಕಲಿತದ್ದು ಚಿತ್ರದೊಳಗಿನ ಹುಡುಗನಷ್ಟೇ ಅಲ್ಲ, ನಟನೂ ಹೌದು. ಆ ಕಾರಣಕ್ಕೆ ದೃಶ್ಯಕ್ಕೆ ಅಷ್ಟು ಸತ್ವ ಬಂದಿದೆ ಎಂದು ನಾನು ನಂಬುತ್ತೇನೆ.

ಈ ಬೆಟ್ಟದ ಜನರ ಬಗ್ಗೆ ಎರಡು ಮಾತು. ವಿಕ್ಟೋರಿಯಾ ರಾಜ್ಯದ ಎತ್ತರದ ಹುಲ್ಲುಗಾವಲುಗಳಿಗೆ ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹೋಗುವುದು, ಹಿಮ ಬೀಳುವ ಮುನ್ನ ಚದುರಿದ ದನಗಳನ್ನೆಲ್ಲ ಹುಡುಕಿ ಕೆಳಗಿಳಿಸುವುದು, ಇದು ಅಲ್ಲಿನ ಕೆಲವು ಮನೆತನಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಬದುಕು. ದಾರಿಯಲ್ಲಿ ತಂಗಲು ಮರದ ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ಚಿತ್ರಕ್ಕಾಗಿ ಮೌಂಟ್ ಸ್ಟರ್ಲಿಂಗ್ ಬಳಿ ಕಟ್ಟಿದ ಜಿಮ್‌ನ ಮನೆ, ‘ಕ್ರೇಗ್ಸ್ ಹಟ್’, ಅಂಥ ಗುಡಿಸಲಿನ ಮಾದರಿಯದು. ಬರಿಯ ಸೆಟ್ ಆಗಿದ್ದ ಅದನ್ನು ನೋಡಲು ಜನ ಬರತೊಡಗಿದರು. 2006ರ ಡಿಸೆಂಬರ್‌ನ ಕಾಡುಗಿಚ್ಚಿನಲ್ಲಿ ಸುಟ್ಟುಹೋಯಿತು. ಜನ ಅದನ್ನು ಹಾಗೆಯೇ ಬಿಡಲಿಲ್ಲ, 2008ರ ಹೊತ್ತಿಗೆ ಮತ್ತೆ ಕಟ್ಟಿದರು.

ಆ ಬದುಕು ಮಾತ್ರ ಮೊದಲಿನಂತಿಲ್ಲ. ದನಗಳ ತುಳಿತದಿಂದ ಎತ್ತರದ ಜೌಗುನೆಲಗಳು ಹಾಳಾಗುತ್ತಿವೆ ಎಂದು 2005ರಲ್ಲಿ ವಿಕ್ಟೋರಿಯಾ ಸರ್ಕಾರ ಆಲ್ಪೈನ್ ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದನ್ನು ನಿಲ್ಲಿಸಿತು. ಸವಾರರು ಕುದುರೆ ಏರಿ ಮೆಲ್ಬರ್ನ್ ನಗರಕ್ಕೇ ಬಂದು ಪ್ರತಿಭಟಿಸಿದರು. ಇನ್ನು ‘ಬ್ರಂಬಿ’ ಎಂದು ಕರೆಯುವ ಆ ಕಾಡುಗುದುರೆಗಳು. ಅವು ಆ ನೆಲದ ಮೂಲ ಪ್ರಾಣಿಗಳಲ್ಲ. 1788ರಲ್ಲಿ ಬ್ರಿಟನ್ನಿನ ಮೊದಲ ಹಡಗುಗಳ ಜೊತೆ ಬಂದಿಳಿದ ಕುದುರೆಗಳಿಂದ ಮೊದಲ್ಗೊಂಡು ತಪ್ಪಿಸಿಕೊಂಡ, ಬಿಟ್ಟುಬಿಟ್ಟ ಕುದುರೆಗಳ ಸಂತತಿ. ಅಲ್ಲಿನ ಪಾಚಿಯ ಜೌಗುಗಳು ಗೊರಸಿನ ಏಟಿಗೆ ಒಗ್ಗಿಕೊಂಡು ಬೆಳೆದವಲ್ಲ. ಕಪ್ಪು ಹಳದಿ ಪಟ್ಟೆಯ ಪುಟಾಣಿ ಕೊರೊಬೊರಿ ಕಪ್ಪೆಗೆ ಆ ಜೌಗೇ ಮನೆ. ಪಕ್ಕದ ರಾಜ್ಯದ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಕುದುರೆಗಳ ಸಂಖ್ಯೆಯನ್ನು 3,000ಕ್ಕೆ ಇಳಿಸುವ ಗುರಿಯಿಟ್ಟುಕೊಂಡು 2023ರಲ್ಲಿ ಹೆಲಿಕಾಪ್ಟರ್‌ನಿಂದ ಗುಂಡಿಕ್ಕಿ ಕೊಲ್ಲಲು ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತು. ಈ ಚಿತ್ರ ನೋಡಿ ಕಾಡುಗುದುರೆಗೆ ಮನಸೋತವರಿಗೆ ಇದು ಸಂಕಟದ ಸುದ್ದಿ. ನನಗೂ ಸಂಕಟವೇ. ಆದರೂ ಕಪ್ಪೆಯ ಪರ, ಜೌಗಿನ ಪರ ನಿಂತವರ ಮಾತಿನಲ್ಲಿ ನ್ಯಾಯವಿದೆ ಎಂದು ಒಪ್ಪಲೇಬೇಕು.

ಚಿತ್ರದಲ್ಲಿ ಕಾಣದವರ ಬಗ್ಗೆಯೂ ಹೇಳಬೇಕು. ಮ್ಯಾನ್ಸ್‌ಫೀಲ್ಡ್ ಸುತ್ತಲಿನ ನೆಲ ಟಾಂಗರಂಗ್ ಜನರದು. ಬೇಸಿಗೆಯಲ್ಲಿ ಬೊಗಾಂಗ್ ಎಂಬ ಪತಂಗಗಳು ಬೆಟ್ಟದ ಬಂಡೆ ಸಂದುಗಳಲ್ಲಿ ಮುತ್ತಿಕೊಳ್ಳುವ ಕಾಲಕ್ಕೆ ಬೇರೆಬೇರೆ ಮೂಲನಿವಾಸಿ ಬಳಗಗಳು ಆ ಎತ್ತರಕ್ಕೆ ಏರಿ ಬಂದು ಒಟ್ಟಾಗುತ್ತಿದ್ದವು, ಸಾವಿರಾರು ವರ್ಷ ಕಾಲ. ಬೆಟ್ಟದಲ್ಲಿ ಬಾಳುವ ಹಕ್ಕಿನ ಬಗ್ಗೆ ಇಷ್ಟು ಗಂಭೀರವಾಗಿ ಮಾತಾಡುವ ಕಥೆಯಲ್ಲಿ ಅವರಿಗೆ ಜಾಗವೇ ಸಿಕ್ಕಿಲ್ಲ. ಇದು ಚಿತ್ರದ ದೊಡ್ಡ ಕೊರತೆ. ಮಕ್ಕಳೊಂದಿಗೆ ನೋಡುವವರು ಈ ಮಾತನ್ನೂ ಅವರಿಗೆ ಹೇಳಬೇಕು.

ಹೆಸರಿನಲ್ಲಿರುವ ಸ್ನೋಯಿ ನದಿಯ ಪಾಡೂ ಕೇಳಿ. ಕೊಸಿಯಸ್ಕೊ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ ಬಾಸ್ ಜಲಸಂಧಿ ಸೇರುವ ಆ ನದಿಯ ನೀರನ್ನು 1949ರಲ್ಲಿ ಶುರುವಾಗಿ 1974ರಲ್ಲಿ ಮುಗಿದ ಜಲವಿದ್ಯುತ್ ಯೋಜನೆ ಪಶ್ಚಿಮಕ್ಕೆ ತಿರುಗಿಸಿತು. ಜಿಂಡಬೈನ್ ಬಳಿ ನದಿಯ ನೂರಕ್ಕೆ 99ರಷ್ಟು ನೀರು ಆ ಕಡೆ ಹೋಯಿತು. 2002ರಿಂದ ಸ್ವಲ್ಪ ಪಾಲನ್ನು ನದಿಗೆ ಹಿಂದಿರುಗಿಸುತ್ತಿದ್ದಾರೆ.

ನಮ್ಮ ನಾಡಿಗೂ ಈ ಕಥೆಗೂ ಒಂದು ನಿಜವಾದ ನಂಟಿದೆ. ಪದ್ಯ ಬರೆದ ಪ್ಯಾಟರ್ಸನ್ ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋದರು. ಸೇನೆಗೆ ಬರುವ ಕುದುರೆಗಳನ್ನು ಪಳಗಿಸಿ ಸವಾರರಿಗೆ ಒದಗಿಸುವ ದಳದಲ್ಲಿ ಮೇಜರ್ ಆಗಿದ್ದರು. ಅದೇ ರಣರಂಗದಲ್ಲಿ, ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶೊವೆಲ್ ಅವರ ಅಶ್ವದಳದ ಅಂಗವಾಗಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಿನ ಜೋಧಪುರದ ಅಶ್ವದಳದವರು ಪಟ್ಟಣದತ್ತ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇ ಏರಿ ಮೇಲಿದ್ದ ಫಿರಂಗಿಗಳ ಮೇಲೆ ಎರಗಿತು. ಆ ಕಡಿದಾದ ದಾರಿಯಲ್ಲಿ ಕುದುರೆಯನ್ನು ಹತ್ತಿಸಿದವರು ನಮ್ಮ ಸೀಮೆಯ ಪಡೆಯವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಬೆಟ್ಟದ ಸವಾರರ ಕಥೆ ನಮಗೆ ಪರಕೀಯವಲ್ಲ.

ಆಸ್ಟ್ರೇಲಿಯಾದಲ್ಲಿ ಈ ಚಿತ್ರ 1.7 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 1986ರಲ್ಲಿ ‘ಕ್ರೊಕಡೈಲ್ ಡಂಡಿ’ ಬರುವ ತನಕ ಅಲ್ಲಿನ ಯಾವ ದೇಶೀ ಚಿತ್ರವೂ ಆ ಗಳಿಕೆಯನ್ನು ಮುಟ್ಟಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆ ಶುರುವಾದದ್ದು ಮೈದಾನಕ್ಕೆ ನುಗ್ಗಿ ಬಂದ ಒಬ್ಬ ಒಂಟಿ ಸವಾರನಿಂದ. ಅವನ ಚಾವಟಿಯ ಸದ್ದಿಗೆ ಇನ್ನೂ 120 ಸವಾರರು ಬಂದು ಸೇರಿದರು, ಮೊಳಗಿದ್ದು ರೋಲೆಂಡ್ ಅವರ ಇದೇ ಸಂಗೀತ.

ಕೊನೆಗೆ ಜಿಮ್ ಬಹುಮಾನದ ಹಣ ತೆಗೆದುಕೊಳ್ಳುವುದಿಲ್ಲ. ಯಾಕೆ, ಬದಲಿಗೆ ಏನು ಕೇಳುತ್ತಾನೆ ಎಂಬುದನ್ನು ನೀವೇ ನೋಡಬೇಕು. ತಂದೆಯ ಸಾವಿನ ಭಾಗ ಮತ್ತು ಅಪ್ಪ ಮಗಳಿಗೆ ಹೊಡೆಯುವ ದೃಶ್ಯ ತೀರ ಚಿಕ್ಕ ಮಕ್ಕಳಿಗೆ ಕಸಿವಿಸಿಯಾಗಬಹುದು. ಏಳೆಂಟು ವರ್ಷ ದಾಟಿದವರು ಧಾರಾಳವಾಗಿ ನೋಡಬಹುದು. 1988ರಲ್ಲಿ ಎರಡನೆಯ ಭಾಗವೂ ಬಂದಿದೆ, ಅದರಲ್ಲಿ ಹ್ಯಾರಿಸನ್ನನ ಪಾತ್ರ ಬ್ರಯನ್ ಡೆನಹಿ ಅವರದು. ಅದು ಆಮೇಲಾಗಲಿ, ಮೊದಲು 1982ರದ್ದನ್ನೇ ನೋಡಿ. ಮೊಬೈಲಿನ ಪುಟ್ಟ ತೆರೆಯಲ್ಲಿ ಬೇಡ, ಆ ಇಳಿಜಾರು ಅದರಲ್ಲಿ ಹಿಡಿಯುವುದಿಲ್ಲ. ಮನೆಯಲ್ಲಿರುವ ದೊಡ್ಡ ತೆರೆಯ ಮುಂದೆ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳ ತನಕ ಎಲ್ಲರೂ ಒಟ್ಟಿಗೆ ಕೂತು ನೋಡಿ.